ಪ್ಯಾಕೆಟ್ ರೇಡಿಯೋ ಮೂಗನಾದಾಗ: ಮಳೆಗಾಲದ ನಂತರದ ರಿಪೇರಿ, ಹಂತ ಹಂತವಾಗಿ

ಹೋದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನನ್ನ ಪ್ಯಾಕೆಟ್ ಸ್ಟೇಷನ್, ಅಂದರೆ ಹ್ಯಾಮ್ ರೇಡಿಯೋದಲ್ಲಿ ಅಕ್ಷರಗಳನ್ನು ಸದ್ದು ಮಾಡಿ ಕಳಿಸುವ, ಬಂದ ಸದ್ದನ್ನು ಅಕ್ಷರ ಮಾಡುವ ವ್ಯವಸ್ಥೆ, ಮೂಗನಾಯಿತು. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬದಿಯಲ್ಲಿ ನಮ್ಮ ಮನೆ. ಹದಿನೈದು ದಿನ ಬಿಡದೆ ಮಳೆ. ರೇಡಿಯೋದ ಸ್ಪೀಕರಿನಲ್ಲಿ ಪ್ಯಾಕೆಟ್ಟಿನ ‘ಬ್ರ್ಯಾಪ್’ ಸದ್ದು ಚೆನ್ನಾಗಿಯೇ ಕೇಳುತ್ತಿತ್ತು. ಸ್ಕ್ರೀನಿನಲ್ಲಿ ಮಾತ್ರ ಒಂದಕ್ಷರ ಇಲ್ಲ. ಟಿಎನ್‌ಸಿಯ (ರೇಡಿಯೋಗೂ ಕಂಪ್ಯೂಟರಿಗೂ ನಡುವೆ ಸದ್ದನ್ನು ಅಕ್ಷರ ಮಾಡುವ ಪೆಟ್ಟಿಗೆ) ಮೋಡೆಮ್ ಚಿಪ್ ಹೋಯಿತು ಅಂತ ನಾನೇ ತೀರ್ಮಾನ ಮಾಡಿ ಪೇಟೆಯ ಅಂಗಡಿಯೊಂದಕ್ಕೆ ಕೊಟ್ಟೆ. ಅವರು ಚಿಪ್ ಬದಲಾಯಿಸಿದರು, ದುಡ್ಡು ತಗೊಂಡರು. ಮನೆಗೆ ತಂದು ಹಾಕಿದರೆ ಅದೇ ಕಥೆ.

ಕೊನೆಗೆ ರೇಡಿಯೋದ ಹಿಂದಿನ ಡೇಟಾ ಪ್ಲಗ್ಗಿನ ಕವಚ ಜಾರಿಸಿ ನೋಡಿದೆ. ಕೆಂಪು ಮಣ್ಣಿನ ಪುಡಿ ಮೇಜಿನ ಮೇಲೆ ಉದುರಿತು. ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಮೊಟ್ಟೆಗಳು, ಗಾಬರಿಯಾಗಿ ಓಡುವ ಇರುವೆಗಳು. ಸೋಲ್ಡರಿನ ಮೇಲೆ ಪಾಚಿಯಂಥ ಹಸಿರು ತುಕ್ಕು. ಒಂದು ವಯರನ್ನು ಬೆರಳಲ್ಲಿ ಮುಟ್ಟಿದ್ದೇ ತಡ, ಕಿತ್ತು ಕೈಗೆ ಬಂತು. ಚಿಪ್ಪಿಗೆ ಏನೂ ಆಗಿರಲಿಲ್ಲ.

ಆಮೇಲೆ ಈ ಕಡೆಯ ನಾಲ್ಕಾರು ಸೆಟ್ ಬಿಚ್ಚಿದ್ದೇನೆ. ನಮ್ಮ ಹವೆಯಲ್ಲಿ ಕೆಡುವುದು ಹೆಚ್ಚಾಗಿ ವಯರು, ಪ್ಲಗ್ಗು, ಕೋಆಕ್ಸ್ (ಆಂಟೆನಾದ ದಪ್ಪ ವಯರು). ಅದು ಬಿಟ್ಟರೆ ಸದ್ದಿನ ಮಟ್ಟ ತಪ್ಪಿರುತ್ತದೆ. ಚಿಪ್ ಸಾಯುವುದು ಅಪರೂಪ. ಹಾಗಾಗಿ ಸೋಲ್ಡರಿಂಗ್ ಐರನ್ ಬಿಸಿ ಮಾಡುವುದು ಈ ಬರಹದಲ್ಲಿ ತುಂಬ ತಡವಾಗಿ ಬರುತ್ತದೆ.

ಸರಪಳಿಯನ್ನು ನಡುವೆ ಕತ್ತರಿಸಿ

ಆಂಟೆನಾ, ಕೋಆಕ್ಸ್, ರೇಡಿಯೋ, ಆಡಿಯೋ ವಯರು, ಟಿಎನ್‌ಸಿ, ಸೀರಿಯಲ್ ವಯರು, ಕಂಪ್ಯೂಟರ್. ಪ್ಯಾಕೆಟ್ ಸ್ಟೇಷನ್ ಅಂದರೆ ಇಷ್ಟೇ. ತುದಿಯಿಂದ ಹುಡುಕಲು ಹೊರಟರೆ ದಿನ ಮುಗಿಯುತ್ತದೆ. ನಡುವಿನಿಂದ, ಅಂದರೆ ಆಡಿಯೋ ವಯರಿನಿಂದ ಶುರು ಮಾಡಿ. ಅಲ್ಲಿವರೆಗೆ ಸದ್ದು ಸರಿಯಾಗಿ ಬರುತ್ತಿದ್ದರೆ ಆಂಟೆನಾ ಕಡೆಯ ಅರ್ಧ ಬಚಾವ್. ಬರದಿದ್ದರೆ ಕಂಪ್ಯೂಟರ್ ಕಡೆ ನೋಡುವ ಕೆಲಸವೇ ಇಲ್ಲ.

ಇನ್ನೊಂದು ನಿಯಮ: ಮೊದಲು ಕೇಳುವುದು ಸರಿಯಾಗಲಿ, ಕಳಿಸುವುದು ಆಮೇಲೆ. ಕೇಳಲು ಬಾರದ ಸ್ಟೇಷನ್ ಕಳಿಸಿದ್ದಕ್ಕೆ ಉತ್ತರ ಬಂತೋ ಇಲ್ಲವೋ ಅಂತ ಗೊತ್ತಾಗುವುದಾದರೂ ಹೇಗೆ?

ಸಾಮಾನು ಜಾಸ್ತಿ ಬೇಡ. ಒಂದು ಮಲ್ಟಿಮೀಟರ್, 25 ವ್ಯಾಟಿನ ಐರನ್, ರೋಸಿನ್ ಇರುವ ಸೋಲ್ಡರ್, ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆ ಟೂತ್‌ಬ್ರಷ್, 50 ಓಮ್‌ನ ಡಮ್ಮಿ ಲೋಡ್ (ಪರೀಕ್ಷೆಗೆ ಆಂಟೆನಾದ ಬದಲು ಹಾಕುವುದು), ಇನ್ನೊಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ) ಸೆಟ್. ಮತ್ತೆ ನಿಮ್ಮ ಮೊಬೈಲ್ ಫೋನ್. ಅದೇ ಇಲ್ಲಿ ಅತಿ ಉಪಯೋಗದ ಉಪಕರಣ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಹಂತ 1: ಕರೆಂಟು

ಪವರ್ ಸಪ್ಲೈ 13.8 ವೋಲ್ಟ್ ಕೊಡುತ್ತಿದೆಯೇ ಅಂತ ನೋಡಿ. ಸುಮ್ಮನಿರುವಾಗ ಅಲ್ಲ, ಪ್ರಸಾರ ಮಾಡುವಾಗ. 50 ವ್ಯಾಟಿನ ಸೆಟ್ಟು ಸುಮಾರು 10 ಆಂಪಿಯರ್ ಎಳೆಯುತ್ತದೆ. ವಯರು ತೆಳುವಾಗಿದ್ದರೆ ರೇಡಿಯೋದ ಹತ್ತಿರ ವೋಲ್ಟೇಜು 11ಕ್ಕೆ ಇಳಿದಿರುತ್ತದೆ. ಪಿಟಿಟಿ (ಪ್ರಸಾರ ಶುರು ಮಾಡುವ ಗುಂಡಿ) ಒತ್ತಿದ ಕೂಡಲೇ ಟಿಎನ್‌ಸಿ ರೀಸೆಟ್ ಆಗುತ್ತದೆ ಅಂತಾದರೆ ಮೊದಲು ಇದನ್ನೇ ಅನುಮಾನಿಸಿ.

ಟಿಎನ್‌ಸಿಯ ಒಳಗೆ 7805 ರೆಗ್ಯುಲೇಟರ್ ಇರುತ್ತದೆ. ಅದರ ಔಟ್‌ಪುಟ್ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಪಕ್ಕದ ದೊಡ್ಡ ಕೆಪಾಸಿಟರಿನ ತಲೆ ಉಬ್ಬಿದ್ದರೆ ಬದಲಾಯಿಸಿ. ಎಸ್‌ಎಂಪಿಎಸ್ ಸಪ್ಲೈಯನ್ನು ಮಾತ್ರ ಸುಮ್ಮನೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಕೂತಿರುತ್ತದೆ.

ಹಳೆ ಟಿಎನ್‌ಸಿ-2 ಮಾದರಿಯ ಪೆಟ್ಟಿಗೆಗಳಲ್ಲಿ ಸೆಟ್ಟಿಂಗ್ಸ್ ನೆನಪಿಡಲು ಒಂದು ಲಿಥಿಯಂ ಬ್ಯಾಟರಿ ಇರುತ್ತದೆ. ಪ್ರತಿ ಸಲ ಆನ್ ಮಾಡಿದಾಗ ನಿಮ್ಮ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಮಾಯವಾಗಿ ‘ನೋಕಾಲ್’ ಅಂತ ಕಾಣಿಸಿದರೆ ಆ ಬ್ಯಾಟರಿ ಮುಗಿದಿದೆ. 3 ವೋಲ್ಟಿನ ಹೊಸದು ಹಾಕಿ. ಹಳೆಯದು ಸೋರಿದ್ದರೆ ಬೋರ್ಡಿನ ತಾಮ್ರದ ಗೆರೆ ತಿಂದುಹೋಗಿದೆಯೇ ಅಂತ ಭೂತಗನ್ನಡಿಯಲ್ಲಿ ನೋಡಿ.

ಹಂತ 2: ಕಿವಿಯಿಂದ ನೋಡಿ

1200 ಬಾಡ್ ಪ್ಯಾಕೆಟ್ ಅಂದರೆ ಎರಡೇ ಸ್ವರ. ಒಂದು 1200 ಹರ್ಟ್ಸ್, ಇನ್ನೊಂದು 2200 ಹರ್ಟ್ಸ್. ಇವೆರಡರ ನಡುವೆ ಸೆಕೆಂಡಿಗೆ 1200 ಸಲದವರೆಗೆ ಜಿಗಿತ. ಕೊನೆಯಲ್ಲಿ 16 ಬಿಟ್‌ಗಳ ಒಂದು ತಪಾಸಣೆ ಸಂಖ್ಯೆ. ಲೆಕ್ಕ ತಾಳೆಯಾಗದಿದ್ದರೆ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ. ಮಾತಿನಲ್ಲಿ ಒಂದು ಶಬ್ದ ನುಂಗಿದರೂ ನಮಗೆ ಅರ್ಥವಾಗುತ್ತದೆ. ಇಲ್ಲಿ ಒಂದು ಬಿಟ್ ತಪ್ಪಿದರೂ ಏನೂ ಬರುವುದಿಲ್ಲ. ‘ಸದ್ದು ಚೆನ್ನಾಗಿ ಕೇಳ್ತದೆ, ಡಿಕೋಡ್ ಆಗ್ತಿಲ್ಲ’ ಅನ್ನುವ ದೂರಿನ ಹಿಂದೆ ಇರುವುದು ಇದೇ.

ಈಗ ಫೋನಿನ ಕೆಲಸ. ಡೈರ್‌ವುಲ್ಫ್ ಎಂಬ ಉಚಿತ ಸಾಫ್ಟ್‌ವೇರ್ ಕಂಪ್ಯೂಟರನ್ನೇ ಟಿಎನ್‌ಸಿ ಮಾಡುತ್ತದೆ. ಅದರ ಜೊತೆಗೆ ಪರೀಕ್ಷೆಯ ಪ್ಯಾಕೆಟ್ಟುಗಳನ್ನು ವೇವ್ ಫೈಲಾಗಿ ಮಾಡಿಕೊಡುವ ಪುಟ್ಟ ಪ್ರೋಗ್ರಾಮೂ ಬರುತ್ತದೆ. ಆ ಫೈಲನ್ನು ಫೋನಿಗೆ ಹಾಕಿಕೊಳ್ಳಿ. ಹೆಡ್‌ಫೋನ್ ಜಾಕಿನಿಂದ ನೇರ ಟಿಎನ್‌ಸಿಯ ಆಡಿಯೋ ಇನ್‌ಪುಟ್ಟಿಗೆ ವಯರು ಕೊಡಿ. ವಾಲ್ಯೂಮನ್ನು ಕೆಳಗಿನಿಂದ ನಿಧಾನಕ್ಕೆ ಏರಿಸಿ.

ಅಕ್ಷರ ಬಂದರೆ ಟಿಎನ್‌ಸಿ, ಸೀರಿಯಲ್, ಕಂಪ್ಯೂಟರ್ ಮೂರೂ ಸರಿ. ತೊಂದರೆ ರೇಡಿಯೋ ಕಡೆ. ನಾನು ಇದೊಂದು ಪರೀಕ್ಷೆ ಮೊದಲೇ ಮಾಡಿದ್ದರೆ ಅಂಗಡಿಯ ಖರ್ಚು ಉಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ.

ಬರಲಿಲ್ಲವೇ? ಟಿಎನ್‌ಸಿಯ ಮುಂದಿನ ಡಿಸಿಡಿ ದೀಪ ನೋಡಿ. ಸದ್ದು ಬಂದಾಗ ಅದು ಹೊತ್ತಿ, ನಿಂತಾಗ ಆರಬೇಕು. ಹೊತ್ತುವುದೇ ಇಲ್ಲ ಅಂದರೆ ಸದ್ದು ಮೋಡೆಮ್ಮಿಗೆ ತಲುಪುತ್ತಿಲ್ಲ, ಇಲ್ಲವೇ ಮೋಡೆಮ್ ನಡೆಯುತ್ತಿಲ್ಲ. ಟಿಸಿಎಂ3105 ಚಿಪ್ ಇರುವ ಬೋರ್ಡಾದರೆ ಅದರ ಪಕ್ಕದ ಕ್ರಿಸ್ಟಲ್ ನಡುಗುತ್ತಿದೆಯೇ ಪರೀಕ್ಷಿಸಿ. 4.433 ಮೆಗಾಹರ್ಟ್ಸ್‌ನ ಆ ಕ್ರಿಸ್ಟಲ್ ಹಳೆ ಕಲರ್ ಟಿವಿಗಳಲ್ಲಿ ಬಣ್ಣಕ್ಕಾಗಿ ಇರುತ್ತಿದ್ದದ್ದೇ. ಅಟ್ಟದ ಮೇಲೆ ಹಳೆ ಟಿವಿ ಬಿದ್ದಿದ್ದರೆ ಗುಜರಿಗೆ ಹಾಕುವ ಮೊದಲು ಬೋರ್ಡು ತೆಗೆದಿಡಿ. ಚಿಪ್ಪಿನ ತಯಾರಿಕೆ ನಿಂತಿದೆ, ಕ್ರಿಸ್ಟಲ್ ಮಾತ್ರ ಹೀಗೆ ಸಿಗುತ್ತದೆ.

ಹಂತ 3: ಕಂಪ್ಯೂಟರಿನ ಜೊತೆ ಮಾತು

ಡಿಸಿಡಿ ದೀಪ ಸರಿಯಾಗಿ ಮಿನುಗುತ್ತದೆ, ಸ್ಕ್ರೀನ್ ಖಾಲಿ. ಆಗ ಸೀರಿಯಲ್ ವಯರಿನ ಸರದಿ. ಯುಎಸ್‌ಬಿ ಕನ್ವರ್ಟರಿನ ಒಂಬತ್ತು ಪಿನ್ನಿನ ತುದಿಯಲ್ಲಿ 2 ಮತ್ತು 3ನೇ ಪಿನ್ನುಗಳನ್ನು ಸಣ್ಣ ವಯರಿನಿಂದ ಜೋಡಿಸಿ. ಟರ್ಮಿನಲ್ಲಿನಲ್ಲಿ ಟೈಪ್ ಮಾಡಿದ್ದು ವಾಪಸ್ ಕಾಣಿಸಿದರೆ ಅಲ್ಲಿವರೆಗೆ ಚೆನ್ನಾಗಿದೆ. ಇಲ್ಲದಿದ್ದರೆ ಕನ್ವರ್ಟರೋ ಡ್ರೈವರೋ ಕೆಟ್ಟಿದೆ.

ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಬಂದರೆ ವೇಗ ಅಥವಾ ಪ್ಯಾರಿಟಿ ತಪ್ಪಿದೆ. ಹಳೆ ಪೆಟ್ಟಿಗೆ ಹಲವು 7 ಬಿಟ್, ಈವನ್ ಪ್ಯಾರಿಟಿಯಲ್ಲಿ ಬರುತ್ತವೆ. ನಾವು ಅಭ್ಯಾಸಬಲದಿಂದ 8 ಬಿಟ್ ಇಟ್ಟಿರುತ್ತೇವೆ.

ಟಿಎನ್‌ಸಿಯ ಸೀರಿಯಲ್ ಔಟ್‌ಪುಟ್ ಪಿನ್ನನ್ನೂ ಗ್ರೌಂಡ್ ಪಿನ್ನನ್ನೂ (ಒಂಬತ್ತು ಪಿನ್ನಿನ ತುದಿಯಾದರೆ 5ನೆಯದು) ಮೀಟರಿನಲ್ಲಿ ಅಳೆಯಿರಿ. ಸುಮ್ಮನಿರುವಾಗ ಮೈನಸ್ 5ರಿಂದ ಮೈನಸ್ 12 ವೋಲ್ಟ್ ಇರಬೇಕು. ಸೊನ್ನೆ ಇದ್ದರೆ, ಬೋರ್ಡಿನಲ್ಲಿ ಮ್ಯಾಕ್ಸ್232 ಚಿಪ್ ಇರುವುದಾದರೆ ಅದರ 2 ಮತ್ತು 6ನೇ ಕಾಲು ನೋಡಿ. ಒಂದರಲ್ಲಿ ಪ್ಲಸ್ 8ರ ಸುಮಾರಿಗೆ, ಇನ್ನೊಂದರಲ್ಲಿ ಮೈನಸ್ 8ರ ಸುಮಾರಿಗೆ ಬರಬೇಕು. ಸುತ್ತಲಿನ ಸಣ್ಣ ಕೆಪಾಸಿಟರುಗಳು ಒಣಗಿದ್ದರೆ ಈ ವೋಲ್ಟೇಜು ಏಳುವುದಿಲ್ಲ. ಈ ಚಿಪ್ಪನ್ನು ನಾನೇ ಒಮ್ಮೆ ಸುಟ್ಟಿದ್ದೇನೆ, ಕರೆಂಟು ಹೋದಾಗ ಟಾರ್ಚಿನ ಬೆಳಕಲ್ಲಿ ಪ್ಲಸ್ ಮೈನಸ್ ಅದಲುಬದಲು ಮಾಡಿ.

ಎಲ್ಲ ಸರಿಯಿದ್ದೂ ಟಿಎನ್‌ಸಿ ಯಾವ ಆಜ್ಞೆಗೂ ಓಗೊಡುವುದಿಲ್ಲ. ಹೊಸಬರು ಇಲ್ಲಿ ಪೆಟ್ಟಿಗೆ ಸತ್ತಿದೆ ಅಂತ ಬಿಟ್ಟುಬಿಡುತ್ತಾರೆ. ಹೆಚ್ಚಿನ ಸಲ ಅದು ‘ಕಿಸ್’ ಮೋಡಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ. ಆ ಮೋಡಿನಲ್ಲಿ ಅದು ಮನುಷ್ಯರ ಜೊತೆ ಮಾತಾಡುವುದಿಲ್ಲ, ಪ್ರೋಗ್ರಾಮಿನ ಜೊತೆ ಮಾತ್ರ. 192, 255, 192 ಈ ಮೂರು ಬೈಟ್‌ಗಳನ್ನು ಅದೇ ಕ್ರಮದಲ್ಲಿ ಕಳಿಸಿದರೆ ಹೊರಗೆ ಬರುತ್ತದೆ.

ಹಂತ 4: ಸದ್ದಿನ ಮಟ್ಟ

ಇಲ್ಲಿ ನಿಧಾನ ಮಾಡಿ. ವಯರು ಸರಿಯಾದ ಮೇಲೂ ಉಳಿಯುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇರುವುದು.

ಹ್ಯಾಂಡಿಯ ಸ್ಪೀಕರ್ ಜಾಕಿನಿಂದ ಬರುವ ಸದ್ದು ಕಂಪ್ಯೂಟರಿನ ಮೈಕ್ ಇನ್‌ಪುಟ್ಟಿಗೆ ತುಂಬ ಜಾಸ್ತಿ. ನಡುವೆ 100 ಕಿಲೋ ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರುಗಳ ವಿಭಜಕ ಹಾಕಿ, ಅದು ಸುಮಾರು ಹತ್ತನೇ ಒಂದಕ್ಕೆ ಇಳಿಸುತ್ತದೆ. ಡೈರ್‌ವುಲ್ಫ್ ಬಳಸಿದರೆ ಪ್ರತಿ ಪ್ಯಾಕೆಟ್ಟಿನ ಜೊತೆಗೆ ಆಡಿಯೋ ಲೆವೆಲ್ ಅಂತ ಒಂದು ಸಂಖ್ಯೆ ಬರುತ್ತದೆ. 50ರ ಆಸುಪಾಸು ಒಳ್ಳೆಯದು. ಅದರ ಪಕ್ಕದಲ್ಲಿ ಗೆರೆ ಹಾಕಿ ಬೇರ್ಪಡಿಸಿದ ಇನ್ನೆರಡು ಸಂಖ್ಯೆ ಇರುತ್ತವೆ. ಅವನ್ನು ಯಾರೂ ನೋಡುವುದಿಲ್ಲ, ನೋಡಬೇಕಾದ್ದು ಅವನ್ನೇ. ಮೊದಲನೆಯದು 1200 ಹರ್ಟ್ಸ್ ಸ್ವರದ ಬಲ, ಎರಡನೆಯದು 2200ರದ್ದು. ಎರಡೂ ಹತ್ತಿರ ಹತ್ತಿರ ಇರಬೇಕು. 20ಕ್ಕೆ 18 ಬಂದರೆ ತೊಂದರೆ ಇಲ್ಲ. ಎಲ್ಲರ ಪ್ಯಾಕೆಟ್ಟಿನಲ್ಲೂ 20ಕ್ಕೆ 7 ಬರುತ್ತಿದ್ದರೆ ನಿಮ್ಮ ಕಡೆ ಎತ್ತರದ ಸ್ವರ ಎಲ್ಲೋ ಸೋರಿಹೋಗುತ್ತಿದೆ.

ಎಲ್ಲಿಗೆ ಹೋಗುತ್ತದೆ? ಎಫ್‌ಎಂ ಸೆಟ್ಟಿನ ಮೈಕಿನಲ್ಲಿ ಎತ್ತರದ ಸ್ವರಗಳನ್ನು ಬೇಕೆಂದೇ ಏರಿಸುತ್ತಾರೆ, ಸ್ಪೀಕರಿನಲ್ಲಿ ಅಷ್ಟೇ ಇಳಿಸುತ್ತಾರೆ. 1200ರಿಂದ 2200ಕ್ಕೆ ಹೋಗುವಷ್ಟರಲ್ಲಿ ಈ ವ್ಯತ್ಯಾಸ ಸುಮಾರು 5 ಡೆಸಿಬೆಲ್. ಕಳಿಸುವವರು ಏರಿಸದೆ ಡೇಟಾ ಜಾಕಿನಿಂದ ನೇರ ಕಳಿಸಿ, ನೀವು ಸ್ಪೀಕರಿನಿಂದ ಕೇಳಿದರೆ 2200 ಸೊರಗುತ್ತದೆ. ಒಬ್ಬಿಬ್ಬರದ್ದು ಮಾತ್ರ ಹೀಗಿದ್ದರೆ ಅದು ಅವರ ಸೆಟ್ಟಿನ ಗುಣ. ಎಲ್ಲರದ್ದೂ ಹೀಗಿದ್ದರೆ ನಿಮ್ಮ ವಯರಿನಲ್ಲಿ ಯಾರೋ ಹಿಂದೆ ‘ಗೊರಗೊರ ಕಡಿಮೆ ಮಾಡಲು’ ಹಾಕಿದ ದೊಡ್ಡ ಕೆಪಾಸಿಟರ್ ಹುಡುಕಿ ಕಿತ್ತುಹಾಕಿ.

ಸೆಟ್ಟಿನ ಹಿಂದೆ ಆರು ಪಿನ್ನಿನ ಡೇಟಾ ಜಾಕ್ ಇದ್ದರೆ ಅದನ್ನೇ ಬಳಸಿ. 1ನೇ ಪಿನ್ನಿಗೆ ನಾವು ಕಳಿಸುವ ಸದ್ದು, 2 ಗ್ರೌಂಡ್, 3 ಪಿಟಿಟಿ, 4ರಲ್ಲಿ 9600 ಬಾಡ್‌ಗೆ ಬೇಕಾದ ಸದ್ದು, 5ರಲ್ಲಿ 1200 ಬಾಡ್‌ನದ್ದು, 6 ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಬರೀ ಗದ್ದಲವನ್ನು ಮುಚ್ಚಿಡುವುದು). ಇಲ್ಲಿ ವಾಲ್ಯೂಮ್ ಗುಂಡಿ ತಿರುಗಿಸಿದರೂ ಮಟ್ಟ ಬದಲಾಗುವುದಿಲ್ಲ, ಮನೆಮಂದಿ ಸದ್ದು ಕಡಿಮೆ ಮಾಡಿದರೂ ಪ್ಯಾಕೆಟ್ ನಿಲ್ಲುವುದಿಲ್ಲ. ಒಂದು ಎಚ್ಚರ ಬೇಕು. ಮೆನುವಿನಲ್ಲಿ 1200 ಆರಿಸಿದ್ದರೆ ಸಾಮಾನ್ಯವಾಗಿ 40 ಮಿಲಿವೋಲ್ಟಿಗೇ ಪೂರ್ತಿ ಮಾಡ್ಯುಲೇಶನ್ ಬರುತ್ತದೆ. 9600 ಆರಿಸಿದ್ದರೆ 2 ವೋಲ್ಟ್ ಬೇಕು. ಐವತ್ತು ಪಟ್ಟು ವ್ಯತ್ಯಾಸ! ಒಂದು ತಪ್ಪು ಮೆನುವಿನಿಂದ ನಿಮ್ಮ ಪ್ಯಾಕೆಟ್ ಪಿಸುಮಾತೋ ಕಿರುಚಾಟವೋ ಆಗಿಬಿಡುತ್ತದೆ.

ಕಳಿಸುವ ಮಟ್ಟಕ್ಕೆ ಗುರಿ 3ರಿಂದ 3.5 ಕಿಲೋಹರ್ಟ್ಸ್ ಡೀವಿಯೇಶನ್ (ಸದ್ದಿಗೆ ತಕ್ಕಂತೆ ತರಂಗ ಆಚೀಚೆ ಸರಿಯುವ ಅಳತೆ). ಅಳೆಯುವ ಮೀಟರ್ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಹಾಗಾಗಿ ಕಿವಿಯ ಉಪಾಯ. ರೇಡಿಯೋವನ್ನು ಡಮ್ಮಿ ಲೋಡಿಗೆ ಹಾಕಿ, ಹ್ಯಾಂಡಿಯನ್ನು ಪಕ್ಕದ ಕೋಣೆಯಲ್ಲಿಡಿ. ಪರೀಕ್ಷೆಯ ಸ್ವರ ಕಳಿಸುತ್ತ ಮಟ್ಟ ಏರಿಸುತ್ತ ಹೋಗಿ. ಒಂದು ಹಂತದಲ್ಲಿ ನೀವು ಏರಿಸಿದರೂ ಹ್ಯಾಂಡಿಯಲ್ಲಿ ಸದ್ದು ಏರುವುದಿಲ್ಲ. ರೇಡಿಯೋದೊಳಗಿನ ಲಿಮಿಟರ್ ಕತ್ತರಿ ಹಾಕುವ ಜಾಗ ಅದು. ಆ ಮಟ್ಟದ ಅರ್ಧಕ್ಕೂ ಮುಕ್ಕಾಲಿಗೂ ನಡುವೆ ಇಳಿಸಿ ನಿಲ್ಲಿಸಿ. ಜಾಸ್ತಿ ಇಟ್ಟರೆ ದೂರ ಹೋಗುತ್ತದೆ ಅಂತ ಹಳಬರೂ ನಂಬುತ್ತಾರೆ. ಹೋಗುವುದಿಲ್ಲ, ಡಿಕೋಡ್ ಆಗದೆ ಬೀಳುತ್ತದೆ ಅಷ್ಟೇ.

ಹಂತ 5: ಕಳಿಸುವುದು

ಲೈಸೆನ್ಸ್ ಇಲ್ಲದೆ ಇಲ್ಲಿಂದ ಮುಂದೆ ಹೋಗಬೇಡಿ.

ಪಿಟಿಟಿ ದೀಪ ಹೊತ್ತುವುದೇ ಇಲ್ಲ ಅಂತಾದರೆ ಮೊದಲು ಡಿಸಿಡಿ ದೀಪ ನೋಡಿ. ಸ್ಕ್ವೆಲ್ಚ್ ತೆರೆದಿಟ್ಟಾಗ ಬರುವ ‘ಶ್ಶ್’ ಸದ್ದಿಗೇ ಕೆಲವು ಹಳೆ ಟಿಎನ್‌ಸಿಗಳ ಡಿಸಿಡಿ ಹೊತ್ತಿಕೊಂಡಿರುತ್ತದೆ. ಚಾನೆಲ್ಲಿನಲ್ಲಿ ಯಾರೋ ಮಾತಾಡುತ್ತಿದ್ದಾರೆ ಅಂತ ಅದು ಮರ್ಯಾದೆಯಿಂದ ಕಾಯುತ್ತಲೇ ಇರುತ್ತದೆ. ಸ್ಕ್ವೆಲ್ಚ್ ಮುಚ್ಚಿ, ತಕ್ಷಣ ಕಳಿಸುತ್ತದೆ. ದೀಪ ಹೊತ್ತಿಯೂ ರೇಡಿಯೋ ಕಳಿಸದಿದ್ದರೆ ಟಿಎನ್‌ಸಿಯ ಪಿಟಿಟಿ ಟ್ರಾನ್ಸಿಸ್ಟರನ್ನೂ ಪ್ಲಗ್ಗಿನ ವಯರನ್ನೂ ನೋಡಿ. ವಯರನ್ನು ಗ್ರೌಂಡಿಗೆ ಕೈಯಲ್ಲೇ ತಾಗಿಸಿದಾಗ ರೇಡಿಯೋ ಕಳಿಸಿದರೆ ತಪ್ಪು ಟ್ರಾನ್ಸಿಸ್ಟರಿನದು.

ಅಗ್ಗದ ಬಾವೊಫೆಂಗ್ ಹ್ಯಾಂಡಿಯಲ್ಲಿ ಎರಡು ಪಿನ್ನಿನ ಪ್ಲಗ್. 3.5 ಮಿಲಿಮೀಟರ್ ಪಿನ್ನಿನ ಬುಡವನ್ನೂ 2.5 ಮಿಲಿಮೀಟರ್ ಪಿನ್ನಿನ ಬುಡವನ್ನೂ ಜೋಡಿಸಿದರೆ ಪಿಟಿಟಿ ಒತ್ತಿದಂತೆ. ಪ್ಲಗ್ ಪೂರ್ತಿ ಒಳಗೆ ಕೂರದೆ ಕಾಲು ಮಿಲಿಮೀಟರ್ ಹೊರಗಿದ್ದರೂ ಎಡವಟ್ಟು. ಚಾಕುವಿನಿಂದ ಪ್ಲಗ್ಗಿನ ಪ್ಲಾಸ್ಟಿಕ್ ಅಂಚು ಕೆತ್ತಿದರೆ ಸರಿಯಾಗುತ್ತದೆ. ಮೆನುವಿನಲ್ಲಿ ಬ್ಯಾಟರಿ ಸೇವ್, ಎರಡು ಚಾನೆಲ್ ಕಾಯುವ ಟಿಡಿಆರ್, ರೋಜರ್ ಬೀಪ್ ಮೂರನ್ನೂ ಆಫ್ ಮಾಡಿ. ಬ್ಯಾಟರಿ ಸೇವ್ ಇದ್ದರೆ ಸೆಟ್ಟು ನಿದ್ದೆಯಿಂದ ಏಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹೋಗಿರುತ್ತದೆ.

ತಲೆ ಹೋಗುವ ಇನ್ನೊಂದು ಕಾರಣ ಟಿಎಕ್ಸ್‌ಡಿಲೇ. ಪಿಟಿಟಿ ಒತ್ತಿದ ಮೇಲೆ ಡೇಟಾ ಶುರುವಾಗುವ ಮೊದಲಿನ ಕಾಯುವಿಕೆ ಅದು, 10 ಮಿಲಿಸೆಕೆಂಡಿನ ಲೆಕ್ಕದಲ್ಲಿ. 30 ಅಂದರೆ 300 ಮಿಲಿಸೆಕೆಂಡ್. ನಿಧಾನದ ಹ್ಯಾಂಡಿಗೆ 40, 50 ಇಡಿ. ಕೆಲಸ ಮಾಡಿದ ಮೇಲೆ ಐದೈದೇ ಇಳಿಸುತ್ತ ಬನ್ನಿ.

ಕಳಿಸಲು ಶುರು ಮಾಡಿದ್ದು ನಿಲ್ಲುವುದೇ ಇಲ್ಲ, ಅಥವಾ ಪ್ರಸಾರದ ನಡುವೆ ಯುಎಸ್‌ಬಿ ಕಡಿದುಹೋಗುತ್ತದೆ ಅಂದರೆ ರೇಡಿಯೋ ಅಲೆ ವಯರಿನೊಳಗೆ ನುಗ್ಗುತ್ತಿದೆ. ಪವರ್ ಕಡಿಮೆ ಮಾಡಿ ನೋಡಿ. ಆಗ ಸರಿಯಾದರೆ ಇದೇ ಖಾಯಿಲೆ. ಆಂಟೆನಾವನ್ನು ಮೇಜಿನಿಂದ ದೂರ ಮಾಡಿ, ವಯರುಗಳಿಗೆ ಫೆರೈಟ್ ಮಣಿ ಹಾಕಿ. ಆಡಿಯೋಗೆ 600 ಓಮ್‌ನ ಸಣ್ಣ ಟ್ರಾನ್ಸ್‌ಫಾರ್ಮರ್, ಪಿಟಿಟಿಗೆ ಪಿಸಿ817 ಆಪ್ಟೋಕಪ್ಲರ್ ಹಾಕಿದರೆ ಕಂಪ್ಯೂಟರಿಗೂ ರೇಡಿಯೋಗೂ ತಂತಿಯ ಸಂಬಂಧವೇ ಇರುವುದಿಲ್ಲ.

ಹಂತ 6: ಹೊರಗಿನ ಕೋಆಕ್ಸ್

ಮಂಜೇಶ್ವರ, ಕುಂಬಳೆ ಕಡೆಯ ಕಡಲ ಬದಿಯವರಿಗೆ ಉಪ್ಪುಗಾಳಿ. ನಮ್ಮಂಥ ಒಳನಾಡಿನವರಿಗೆ ಅಡಿಕೆ ತೋಟದ ತೇವ. ಎರಡೂ ಕಡೆ ಮೊದಲು ಸಾಯುವುದು ಆಂಟೆನಾದ ಬುಡದ ಕನೆಕ್ಟರ್.

ಎರಡೂ ತುದಿ ಬಿಚ್ಚಿ. ನಡುವಿನ ತಂತಿ ಮತ್ತು ಹೊರಗಿನ ಹೆಣಿಗೆಯ ನಡುವೆ ಮೀಟರ್ ಏನೂ ತೋರಿಸಬಾರದು. ನನ್ನದು 40 ಕಿಲೋ ಓಮ್ ತೋರಿಸಿತ್ತು. ಪಿಎಲ್-259 ಕನೆಕ್ಟರ್ ಬಿಡಿಸಿ ಬ್ಲೇಡಿನಲ್ಲಿ ಹೊರಗಿನ ಕಪ್ಪು ಸಿಪ್ಪೆ ಸೀಳಿದೆ. ಹೆಣಿಗೆಯ ತಾಮ್ರ ಹೊಳೆಯುವ ಬದಲು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ವಯರನ್ನು ಹಿಂಡಿದರೆ ತುದಿಯಲ್ಲಿ ಒಂದು ಹನಿ ನೀರು ಮೂಡಿತು. ಒಂದಡಿ ಕತ್ತರಿಸಿದೆ, ಕಪ್ಪು. ಇನ್ನೊಂದಡಿ, ಅದೂ ಕಪ್ಪು. ಎರಡು ಮೀಟರ್ ಹೋದ ಮೇಲೆ ಕೆಂಪು ತಾಮ್ರ ಕಂಡಿತು. ತಾಮ್ರ ಹೊಳೆಯುವವರೆಗೆ ಕತ್ತರಿಸಲೇಬೇಕು, ಅಲ್ಲಿ ಜಿಪುಣತನ ನಡೆಯುವುದಿಲ್ಲ.

ಹೊಸ ಕನೆಕ್ಟರ್ ಹಾಕಿದ ಮೇಲೆ ಒಂದು ತುದಿಯಲ್ಲಿ ನಡುವಿನ ತಂತಿಯನ್ನೂ ಹೆಣಿಗೆಯನ್ನೂ ತಾಗಿಸಿ, ಇನ್ನೊಂದು ತುದಿಯಲ್ಲಿ ಅಳೆಯಿರಿ. ಒಂದೆರಡು ಓಮ್‌ಗಿಂತ ಜಾಸ್ತಿ ಬರಬಾರದು. ನಂತರ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು ಎಳೆದು ಎಳೆದು ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚಿನ ಮಾಡಿನ ಹಾಗೆ ಮೇಲಿನ ಪದರ ಕೆಳಗಿನದರ ಮೇಲೆ ಬರಲಿ. ಮನೆಯೊಳಗೆ ಬರುವ ಮೊದಲು ವಯರಿಗೆ ಒಂದು ಜೋಲು ಬಿಡಿ. ಹನಿ ಅಲ್ಲೇ ಉದುರುತ್ತದೆ.

15 ಮೀಟರ್ ಆರ್‌ಜಿ-58 ವಯರು 145 ಮೆಗಾಹರ್ಟ್ಸ್‌ನಲ್ಲಿ ಸುಮಾರು ಅರ್ಧ ಪವರನ್ನು ನುಂಗುತ್ತದೆ. ಉದ್ದ ಬೇಕಿದ್ದರೆ ಆರ್‌ಜಿ-213 ತನ್ನಿ.

ತುಲಾಮಾಸದ ಗುಡುಗಿಗೆ ಯಾವ ರಿಪೇರಿಯೂ ಇಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಮೋಡ ಕಪ್ಪಾದರೆ ಕೋಆಕ್ಸ್ ಬಿಚ್ಚಿ ಕಿಟಕಿಯಿಂದ ಹೊರಗೆ ಹಾಕಿ, ಪವರ್ ಪ್ಲಗ್ಗನ್ನೂ ಕೀಳಿ. ಗುಡ್ಡೆಯ ಮುರಕಲ್ಲಿನಲ್ಲಿ ಒಳ್ಳೆ ಅರ್ಥ್ ಸಿಗುವುದು ಕಷ್ಟ, ಅದನ್ನು ನಂಬಿ ಕೂರಬೇಡಿ.

ತೊಳೆಯುವುದು, ಒಣಗಿಸುವುದು

ತುಕ್ಕು ಹಿಡಿದ ಬೋರ್ಡನ್ನು ಆಲ್ಕೋಹಾಲ್ ಹಾಕಿ ಬ್ರಷ್ಷಿನಲ್ಲಿ ಉಜ್ಜಿ. ಹಸಿರು ಹೋಗದ ಜಾಯಿಂಟಿನ ಹಳೆ ಸೋಲ್ಡರ್ ಪೂರ್ತಿ ತೆಗೆದು ಹೊಸದು ಹಾಕಿ. ಹಳೆಯದರ ಮೇಲೆ ಮೆತ್ತಿದರೆ ಮುಂದಿನ ಆಟಿಗೆ ಮತ್ತೆ ಬಿಡುತ್ತದೆ. ಬಿಸಿಲಿಗೆ ಇಡಲು ಮಳೆಗಾಲದಲ್ಲಿ ಬಿಸಿಲೆಲ್ಲಿ? ಮರದ ಕಪಾಟಿನ ಕೆಳಗಿನ ಖಾನೆಯಲ್ಲಿ 15 ವ್ಯಾಟಿನ ಹಳೆ ಕಾಲದ ಬಲ್ಬು ಉರಿಸಿ, ಮೇಲಿನ ಖಾನೆಯಲ್ಲಿ ಸೆಟ್ಟಿಡಿ. ಬಟ್ಟೆ, ಕಾಗದ ಬಲ್ಬಿಗೆ ತಾಗದಂತೆ ನೋಡಿಕೊಳ್ಳಿ. ಎಲ್‌ಇಡಿ ಬಲ್ಬು ಇದಕ್ಕೆ ಆಗದು, ಅದರ ಬಿಸಿ ಸಾಲದಲ್ಲ. ಇರುವೆಗೆ ಪ್ಲಗ್ಗಿನ ಹಿಂಬದಿಯ ಸಂದಿಯನ್ನು ಬಿಸಿ ಅಂಟಿನಿಂದ ಮುಚ್ಚುತ್ತೇನೆ. ಈವರೆಗೆ ಮತ್ತೆ ಬಂದಿಲ್ಲ.

ಕೊನೆಯ ಪರೀಕ್ಷೆ ಆಕಾಶದಲ್ಲಿ

ನಮ್ಮ ಸುತ್ತ ಪ್ಯಾಕೆಟ್ ನಡೆಸುವವರು ಕಡಿಮೆ. ರಿಪೇರಿ ಆಯಿತೋ ಇಲ್ಲವೋ ನೋಡಲು ನಾನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಕಾಯುತ್ತೇನೆ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹೋಗುವ ಅದರಲ್ಲಿ ಹ್ಯಾಮ್ ರೇಡಿಯೋ ಇದೆ. ಪ್ಯಾಕೆಟ್ ಮೋಡಿನಲ್ಲಿದ್ದಾಗ 145.825 ಮೆಗಾಹರ್ಟ್ಸ್‌ನಲ್ಲಿ ಬಂದ ಪ್ಯಾಕೆಟ್ಟನ್ನು ಅದೇ ತರಂಗದಲ್ಲಿ ವಾಪಸ್ ಕಳಿಸುತ್ತದೆ. ಆಂಟೆನಾ 49 ಸೆಂಟಿಮೀಟರಿನ ಕಾಲು ತರಂಗದ ಕಡ್ಡಿಯಾದರೂ ಸಾಕು, ಆಕಾಶ ಕಾಣಬೇಕು ಅಷ್ಟೇ. ತೋಟದ ನಡುವಿನ ಮನೆಯಾದರೆ ಗುಡ್ಡೆ ಹತ್ತಿ. ನಾನು ಪೊಸಡಿ ಗುಂಪೆಗೆ ಹ್ಯಾಂಡಿ ತಗೊಂಡು ಹೋಗುತ್ತೇನೆ, ಅಲ್ಲಿ ಪಡುವಣಕ್ಕೆ ಕಡಲಿನವರೆಗೆ ಅಡ್ಡ ಏನೂ ಇಲ್ಲ.

ಒಂದು ಸಲ ಬಂದರೆ ಹತ್ತು ನಿಮಿಷ ಸಿಗುತ್ತದೆ. ನಿಲ್ದಾಣ ಓಡುವ ವೇಗದಿಂದಾಗಿ (ಡಾಪ್ಲರ್ ಪರಿಣಾಮ) ತರಂಗ ಮೂರೂವರೆ ಕಿಲೋಹರ್ಟ್ಸ್ ಆಚೀಚೆ ಸರಿದರೂ ಎಫ್‌ಎಂಗೆ ನಡೆಯುತ್ತದೆ. ಮೊದಲು ಬರೀ ಕೇಳಿ. ನಾಲ್ಕೈದು ಪ್ಯಾಕೆಟ್ ಡಿಕೋಡ್ ಆದರೆ ಕೇಳುವ ಕಡೆ ಪಾಸ್. ಆಮೇಲೆ ಪ್ಯಾಕೆಟ್ ಹೋಗಬೇಕಾದ ದಾರಿಯ (ಪಾತ್) ಜಾಗದಲ್ಲಿ ‘ಎಆರ್‌ಐಎಸ್‌ಎಸ್’ ಅಂತ ಹಾಕಿ ಚಿಕ್ಕದೊಂದು ಪ್ಯಾಕೆಟ್ ಬಿಡಿ. ಬಿಟ್ಟು ಸುಮ್ಮನಿರಿ, ಬೇರೆಯವರಿಗೂ ಜಾಗ ಬೇಕು.

ಆ ಪ್ಲಗ್ ಸರಿಮಾಡಿದ ಮಾರನೇ ದಿನ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ಮೂರನೇ ಸಲ ಕಳಿಸಿದಾಗ ಸ್ಕ್ರೀನಿನಲ್ಲಿ ನನ್ನದೇ ಕಾಲ್‌ಸೈನ್ ವಾಪಸ್ ಬಂತು. ದಾರಿಯ ಹೆಸರಿನ ಪಕ್ಕದಲ್ಲಿ ಪುಟ್ಟ ನಕ್ಷತ್ರದ ಗುರುತು, ಅಂದರೆ ಮೇಲಿನಿಂದ ತಿರುಗಿ ಬಂದದ್ದು. ‘ಎಂತ ಅದು, ಹಾಗೆ ನಗುವುದು?’ ಅಂತ ಒಳಗಿನಿಂದ ಮನೆಯವರು ಕೇಳಿದರು. ಇರುವೆಯ ಕಥೆಯಿಂದ ಶುರು ಮಾಡಬೇಕಾಯಿತು.